ಚೌಕಾಸಿಯಲ್ಲಿ ಸೋಲುತ್ತಿದ್ದವರು

ನಮ್ಮ ಹೊನ್ನಾವರದಲ್ಲಿ ಅವರನ್ನು ಚೌಕಾಸಿಯಲ್ಲಿ ಸೋಲಿಸದವರೇ ಇಲ್ಲವೆಂದು ಊರು ನಂಬಿತ್ತು. ಮೀನುಪೇಟೆಯ ಹೆಂಗಸರಿಂದ ಹಿಡಿದು ಅಂಚೆ ಕಚೇರಿಯ ಗುಮಾಸ್ತರವರೆಗೆ ಯಾರನ್ನು ಕೇಳಿದರೂ, "ನಮ್ಮ ಮನೆ ವೈರಿಂಗಾ? ಅವ ಹೇಳಿದ್ದೆಷ್ಟು, ನಾ ಕೊಟ್ಟಿದ್ದೆಷ್ಟು!" ಎಂದು ಮೀಸೆ ತಿರುವುವವರೇ. ಮೀಸೆ ಇಲ್ಲದವರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಈಚೆಗೆ ಭಟ್ಕಳದ ಹತ್ತಿರದ ಬೆಳಕೆ ಊರಿನ ತಮ್ಮ ಮನೆಯಲ್ಲಿ ಅವರು ತೀರಿಕೊಂಡರಂತೆ. ಸುದ್ದಿ ಹೇಳಿದ ಹಳೆಯ ಪರಿಚಯದವರೊಬ್ಬರು ಮಾತಿನ ಕೊನೆಗೆ, "ಪಾಪದ ಮನ್ಶ, ಚೌಕಾಸಿ ಗೊತ್ತಿರಲಿಲ್ಲ" ಎಂದರು. ನಾನು ಹೂಂ ಎಂದೆ. ಸರಿಪಡಿಸಲಿಲ್ಲ. ಸರಿಪಡಿಸಲು ಹೋದರೆ ನಮ್ಮ ಮನೆಯ ಕತೆಯನ್ನೂ ಹೇಳಬೇಕಾಗುತ್ತಿತ್ತು.

ಹೆಸರು ಬರೆಯುವುದಿಲ್ಲ. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆ. ಕರೆಂಟಿನವರು ಅಂದರೆ ಸಾಕಿತ್ತು. ಮೊಣಕಾಲು ಮುಚ್ಚುವ ಖಾಕಿ ಚಡ್ಡಿ, ಪಟ್ಟೆಪಟ್ಟೆಯ ಅಂಗಿ, ರಬ್ಬರ್ ಅಡಿಯ ಕಪ್ಪು ಕ್ಯಾನ್ವಾಸ್ ಬೂಟು, ಹೆಗಲಿಗೆ ಸಾಮಾನಿನ ಚೀಲ. "ಕರೆಂಟಿನವ್ನಿಗೆ ಕಾಲೇ ದೇವ್ರು" ಎಂದು ಬೂಟನ್ನು ದೇವರ ಪಟದಷ್ಟೇ ಜೋಪಾನ ಮಾಡುತ್ತಿದ್ದರು. ಸಣ್ಣವರಿದ್ದಾಗ ಮುಂಬಯಿಗೆ ಓಡಿ ಹೋಗಿ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ವೈರಿಂಗ್ ಮಾಡುವವರ ಕೈಕೆಳಗೆ ಕಲಿತು ಬಂದವರು. ಮುಂಬಯಿಯ ಮಾತು ಬಂದರೆ ಅವರ ಬಾಯಿಗೆ ಫ್ಯೂಸೇ ಇರಲಿಲ್ಲ. ಗವರ್ನರನ ಬಂಗಲೆಯ ದೀಪವನ್ನು ತಾವೇ ಹಚ್ಚಿದ್ದೆಂದು ಒಂದು ದಿನ ಹೇಳಿದರೆ, ಮರುದಿನ ಅದೇ ಬಂಗಲೆಯ ಫ್ಯಾನು, ಅದರ ಮರುದಿನ ಗವರ್ನರನ ಹೆಂಡತಿಯ ಇಸ್ತ್ರಿಪೆಟ್ಟಿಗೆ.

ಕೆಲಸ ಬಹಳ ನಾಜೂಕಿನದು ಎಂದೇನೂ ನಾನು ಹೇಳುವುದಿಲ್ಲ. ತಂತಿಗೆ ಹೊಡೆದ ಮರದ ಪಟ್ಟಿ ನೆಟ್ಟಗಿದ್ದರೆ ಸ್ವಿಚ್ಚಿನ ಹಲಗೆ ಓರೆ. ಯಾರಾದರೂ ಆಕ್ಷೇಪಿಸಿದರೆ ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿ, "ಗೋಡೆನೇ ಓರೆ ಅದೆ, ನಾ ಎಂತ ಮಾಡೂದು?" ಎನ್ನುತ್ತಿದ್ದರು. ಅರ್ಥಿಂಗಿನ, ಅಂದರೆ ಕರೆಂಟನ್ನು ನೆಲಕ್ಕಿಳಿಸುವ ತಂತಿಯ, ವಿಷಯದಲ್ಲಿ ಮಾತ್ರ ಚೌಕಾಸಿ ಇಲ್ಲ. ಹಿತ್ತಲಲ್ಲಿ ಸೊಂಟದಾಳದ ಗುಂಡಿ ತೋಡಿಸಿ, ಮನೆಯವರಿಂದಲೇ ಇದ್ದಿಲು, ಉಪ್ಪು ಕೇಳಿ ಪಡೆದು ತುಂಬುತ್ತಿದ್ದರು. ಉಪ್ಪು ಕೊಡಲು ಹಿಂದೆಮುಂದೆ ನೋಡಿದ ಹೆಂಗಸರಿಗೆ, "ಭೂಮಿತಾಯಿಗೆ ಉಪ್ಪಿನಕಾಯಿ ಹಾಕ್ತೆ ಅಂದ್ಕಳಿ" ಎನ್ನುತ್ತಿದ್ದರು.

ಇನ್ನು ಚೌಕಾಸಿ. ಅದು ಒಂದು ಆಟದ ಹಾಗೆ, ಪ್ರತಿ ಮನೆಯಲ್ಲೂ ಅದೇ ಪ್ರಸಂಗ. ಮೊದಲು ಮುಖ ಮೇಲೆತ್ತಿಕೊಂಡು ಮನೆಯನ್ನೆಲ್ಲ ಸುತ್ತಿ, ಒರಳುಕಲ್ಲಿಗೆ ಎಡವಿ, ದೀಪ ಎಲ್ಲೆಲ್ಲಿ ಬೇಕೆಂದು ಕೇಳಿ, ಪಾಯಿಂಟಿಗೆ ಇಷ್ಟು ಎಂದು ಒಂದು ದರ ಹೇಳುವುದು. ಒಂದು ಬಲ್ಬು, ಅದರ ಸ್ವಿಚ್ಚು, ಅವೆರಡರ ನಡುವಿನ ತಂತಿ, ಇಷ್ಟು ಸೇರಿ ಒಂದು ಪಾಯಿಂಟು. ದರ ಕೇಳಿ ಮನೆಯವರು ಹೌಹಾರುತ್ತಿದ್ದರು. ಅವರು ಇಳಿಸಿ ಕೇಳಿದ ಕೂಡಲೇ ಇವರು ಹಣೆ ಬಡಿದುಕೊಂಡು, "ಮುಳುಗಿಸ್ತ್ರಿ ನನ್ನ! ತಂತಿ ರೊಕ್ಕಾನೂ ಹುಟ್ಟೂದಿಲ್ಲ" ಎಂದು ಚೀಲ ಹೆಗಲಿಗೇರಿಸಿ ಹೊರಟೇ ಬಿಡುವರು. ಬೇಲಿಯ ದಣಪೆ ದಾಟಿ ಒಂದು ಕಾಲು ಹೊರಗಿಟ್ಟಲ್ಲಿ ನಿಂತು ಬೀಡಿ ಹಚ್ಚುವರು. ನಮ್ಮ ಕಡಲ ಗಾಳಿಗೆ ಬೀಡಿ ಒಂದೇ ಕಡ್ಡಿಗೆ ಹತ್ತುವುದುಂಟೇ? ಎರಡನೆಯ ಕಡ್ಡಿ, ಮೂರನೆಯ ಕಡ್ಡಿ. ಅಷ್ಟರಲ್ಲಿ ಮನೆಯಾಕೆ ಒಳಗಿಂದ ಕೊನೆಯ ಮಾತು ಕೂಗಿ ಹೇಳುವಳು. ಇವರು ತಿರುಗಿ, ಹತ್ತದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, "ಆತು. ಸೋತೆ. ನಾಳೆ ಬತ್ತೆ" ಎನ್ನುವರು.

ಕೆಲವು ಮನೆಗಳಲ್ಲಿ ಬೀಡಿ ಮೊದಲ ಕಡ್ಡಿಗೇ ಹತ್ತುತ್ತಿತ್ತು. ಅಲ್ಲಿ ಅವರು ತಿರುಗಿ ನೋಡುತ್ತಿರಲಿಲ್ಲ, ಮನೆಯ ಆಳು ಓಡಿ ಹೋಗಿ ಕರೆತರಬೇಕಿತ್ತು. ಆ ಮನೆಗಳವರು ತಾವು ಕೊಟ್ಟ ದರವನ್ನು ಊರಲ್ಲಿ ಸಾರಿದ್ದಿಲ್ಲ. ಸೋತವರು ಬಾಯಿ ಬಿಡುವುದಿಲ್ಲವಲ್ಲ, ಗೆದ್ದವರ ಗದ್ದಲವೇ ಊರಿಗೆ ಕೇಳಿಸುವುದು.

ಗೆದ್ದವರಲ್ಲಿ ಎಲ್ಲರಿಗಿಂತ ಜೋರು ನಮ್ಮ ಆಯಿ, ನನ್ನ ತಾಯಿ. ಅಪ್ಪ ತೀರಿಕೊಂಡ ಮೇಲೆ ಅವಳು ಬಂದರಿಗೆ ಹೋಗುವ ರಸ್ತೆಯಲ್ಲಿ ಖಾನಾವಳಿ ನಡೆಸಿ ನನ್ನನ್ನು ಓದಿಸಿದಳು. ಕಚೇರಿಯ ಗುಮಾಸ್ತರು, ತಾಲೂಕಿಗೆ ವರ್ಗವಾಗಿ ಬಂದ ಒಂಟಿ ಗಂಡಸರು ಅಲ್ಲಿ ತಿಂಗಳ ಊಟಕ್ಕೆ ಬರುತ್ತಿದ್ದರು. ಕರೆಂಟಿನವರೂ ಅವರಲ್ಲಿ ಒಬ್ಬರು. ಹೆಂಡತಿ ಮಕ್ಕಳು ಬೆಳಕೆಯಲ್ಲಿ, ಇವರಿಗೆ ಹೊನ್ನಾವರದಲ್ಲಿ ಒಂದು ಬಾಡಿಗೆ ಕೋಣೆ. ಶನಿವಾರ ಶರಾವತಿಯನ್ನು ತಾರಿದೋಣಿಯಲ್ಲಿ ದಾಟಿ ಬಸ್ಸು ಹತ್ತಿದರೆ ಸೋಮವಾರ ಮಧ್ಯಾಹ್ನದ ಊಟಕ್ಕೆ ಹಾಜರು. ಆಗ ನಮ್ಮೂರಿಗೆ ಒಂದು ಖಾಸಗಿ ಡೀಸೆಲ್ ಎಂಜಿನ್ನಿನ ಕರೆಂಟು ಬರುತ್ತಿತ್ತು, ಅದೂ ಸಂಜೆಯ ಹೊತ್ತು ಮಾತ್ರ. ಎಂಜಿನ್ನಿನ ಗುಡುಗುಡು ನಿಂತರೆ ಊರು ಮಲಗಿತೆಂದು ಅರ್ಥ. ನಮ್ಮ ಹೊಳೆಯ ನೀರಿನಿಂದ ಜೋಗದಲ್ಲಿ ಹುಟ್ಟಿದ ಕರೆಂಟು ಬೆಂಗಳೂರಿಗೆ ಹೋಗಿ ಬೆಳಗುತ್ತಿತ್ತು. ಹೊಳೆಯ ಬುಡದಲ್ಲಿದ್ದ ನಾವು ಡೀಸೆಲ್ಲಿನ ಹೊಗೆ ಕುಡಿಯುತ್ತಿದ್ದೆವು.

ಊಟದ ಕೋಣೆಗೆ, ಅಡಿಗೆಮನೆಗೆ, ಜಗಲಿಗೆ ಒಂದೊಂದು ದೀಪವೆಂದು ಆಯಿ ನಿಶ್ಚಯಿಸಿದಳು. ಅವರು ಪಾಯಿಂಟಿಗೆ ಹದಿನಾಲ್ಕು ರೂಪಾಯಿ ಅಂದರು. ಆಯಿ ಏಳು ಅಂದಳು. ಅವರು ಹಣೆ ಬಡಿದುಕೊಂಡರು. "ಬಡ್ಕೊ ತಮಾ, ಇನ್ನೂ ಜೋರಾಗಿ ಬಡ್ಕೊ. ನಿಂಗೆ ನಿನ್ನೆ ಬಡ್ಸಿದ ಬಂಗಡೆ ನೆನ್ಪಾಗ್ಲಿ!" ಎಂದಳು ಆಯಿ. ಚೀಲ ಹೆಗಲೇರಿತು. ದಣಪೆಯಲ್ಲಿ ಬೀಡಿ ಹತ್ತಲಿಲ್ಲ. ಒಂಬತ್ತಕ್ಕೆ ಆತು. ಆಯಿ ಈ ಗೆಲುವನ್ನು ಬಾವಿಕಟ್ಟೆಯಲ್ಲಿ ಹೇಳಿದಳು, ಹಾಲಿನವನಿಗೆ ಹೇಳಿದಳು, ಕುಮಟೆಯಲ್ಲಿದ್ದ ತನ್ನ ಅಕ್ಕನಿಗೆ ನನ್ನ ಕೈಯಿಂದಲೇ ಕಾಗದ ಬರೆಯಿಸಿದಳು. ಗಂಡನಿಲ್ಲದ ಹೆಂಗಸೆಂದು ಎಲ್ಲರೂ ಮೋಸ ಮಾಡುವ ಕಾಲದಲ್ಲಿ ತಾನು ಒಬ್ಬ ಗಂಡಸನ್ನು, ಅದೂ ಮುಂಬಯಿ ನೋಡಿ ಬಂದವನನ್ನು, ಮಾತಿನಲ್ಲಿ ಸೋಲಿಸಿದೆ ಎನ್ನುವುದು ಅವಳಿಗೆ ದೀಪಕ್ಕಿಂತ ದೊಡ್ಡ ಬೆಳಕಾಗಿತ್ತು.

ನಾನು ಪ್ರಾಥಮಿಕ ಶಾಲೆಗೆ ಅಕ್ಕೋರಾಗಿ, ಅಂದರೆ ಶಿಕ್ಷಕಿಯಾಗಿ, ಸೇರಿದ ಹೊಸತರಲ್ಲಿ ಡೀಸೆಲ್ ಎಂಜಿನ್ನಿನ ಕಾಲ ಮುಗಿಯುವ ಸೂಚನೆ ಕಂಡಿತು. ಸರ್ಕಾರದ ಕರೆಂಟು ಬರುವುದೆಂದು ರಸ್ತೆಗುಂಟ ಕಂಬಗಳು ಬಂದು ಬಿದ್ದವು. ಅವುಗಳ ಜೊತೆಗೆ ಕಾಯಿದೆಯೂ ಬಂತು. ಇನ್ನು ಮೇಲೆ ಪರ್ಮಿಟ್ಟು ಇದ್ದ ವೈರ್‌ಮನ್ನು ಸಹಿ ಹಾಕಿದ ಮನೆಗೆ ಮಾತ್ರ ಕರೆಂಟು. ಪರ್ಮಿಟ್ಟು ಬೇಕಾದರೆ ಹುಬ್ಬಳ್ಳಿಯಲ್ಲಿ ಪರೀಕ್ಷೆ. ಇಷ್ಟು ವರ್ಷ ಕೆಲಸ ಮಾಡಿದ್ದೇನೆ ಎಂದರೆ ಪರೀಕ್ಷೆಗೆ ಕೂರಲು ಬಿಡುತ್ತಾರೆ, ಅಷ್ಟೇ. ಪಾಸಾಗದಿದ್ದರೆ ಇವರ ಇಪ್ಪತ್ತು ವರ್ಷದ ಕೆಲಸಕ್ಕೆ ಬೆಲೆಯಿಲ್ಲ. ಬೇರೆ ಯಾರೋ ಪರ್ಮಿಟ್ಟಿನವರ ಕೈಕೆಳಗೆ ಗೋಡೆಗೆ ತೂತು ಕೊರೆಯಬೇಕು.

ಅವರು ಓದಿದ್ದು ಮರಾಠಿ ಶಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಮಾತ್ರ. ಒಂದು ಸಂಜೆ ಆ ಪರೀಕ್ಷೆಯ ಇಂಗ್ಲಿಷ್ ಪುಸ್ತಕವನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದು, ಆಯಿಯ ಎದುರಿಗೆ ನಿಂತು, ನನ್ನ ಕಡೆ ನೋಡದೆ, "ಅಕ್ಕೋರು ಸ್ವಲ್ಪ ಹೇಳಿಕೊಟ್ರೆ ಆಗಿತ್ತು" ಎಂದರು. ನನಗಿಂತ ಇಮ್ಮಡಿ ವಯಸ್ಸಿನವರು. ಆಯಿಯೇ ಒಪ್ಪಿಬಿಟ್ಟಳು. "ಹೇಳಿಕೊಡ್ತಾಳೆ ತಮಾ, ನಮ್ಮನೆ ದೀಪ ಹಚ್ಚಿದವ ನೀನು" ಎಂದಳು.

ಹೀಗೆ ದಿನಾ ಸಂಜೆ ಊಟದ ಕೋಣೆಯಲ್ಲಿ, ಅವರೇ ಹಾಕಿದ ಬಲ್ಬಿನ ಕೆಳಗೆ, ಪಾಠ. ಜೊತೆಗೆ ಕುಮಟೆಯ ಒಬ್ಬ ತರುಣನೂ ಕೂರುತ್ತಿದ್ದ. ಕರೆಂಟ್ ಆಫೀಸಿನಲ್ಲಿ ಹೆಲ್ಪರು, ಅದೇ ಪರೀಕ್ಷೆಗೆ ಕಟ್ಟಿದ್ದ, ನಮ್ಮಲ್ಲೇ ಊಟ. ನಾನು ಪುಸ್ತಕ ನೋಡಿ ಕನ್ನಡದಲ್ಲಿ ಹೇಳುವುದು, ಇಬ್ಬರೂ ಮಗ್ಗಿಯ ಹಾಗೆ ಒಪ್ಪಿಸುವುದು. ಕರೆಂಟು ಹೊಡೆದು ಬಿದ್ದವನಿಗೆ ಉಸಿರು ಬರಿಸುವ ಪಾಠದ ದಿನ ಅವರು ಕುಮಟೆಯವನನ್ನು ನೆಲಕ್ಕೆ ಬೋರಲು ಕೆಡವಿ ಬೆನ್ನ ಮೇಲೆ ಒತ್ತತೊಡಗಿದರು. ಆಯಿ ಸೌಟು ಹಿಡಿದು ಓಡಿ ಬಂದು, "ಅಯ್ಯಯ್ಯೋ, ಊಟದ ರೊಕ್ಕ ಕೊಡೂಕಿಂತ ಮೊದ್ಲೇ ಕೊಲ್ಲಬೇಡ್ವೋ!" ಎಂದು ಚೀರಿದಳು. ಹೇಳಿಕೊಡುವುದರಲ್ಲಿ ನನಗೆ ಹೊಸ ಹುರುಪು. ತಪ್ಪಿದರೆ ಶಾಲೆಯ ಮಕ್ಕಳಿಗೆ ಗದರುವ ಹಾಗೆಯೇ ಗದರುತ್ತಿದ್ದೆ. ಅವರು ಕಿವಿ ಹಿಡಿದುಕೊಳ್ಳುವ ಆಟ ಮಾಡಿ ನಗಿಸುತ್ತಿದ್ದರು.

ಕೊನೆಯ ಪಾಠ ಎಸ್ಟಿಮೇಟಿನದು. ಇಂತಿಷ್ಟು ಪಾಯಿಂಟು, ಪಾಯಿಂಟಿಗೆ ಇಂತಿಷ್ಟು ದರ, ಗುಣಿಸಿದರೆ ಬಂದದ್ದು ಖರ್ಚು. ಅವರು ಪುಸ್ತಕದ ಅಂಕಿಯ ಮೇಲೆ ಬೆರಳಿಟ್ಟು ಕೇಳಿದರು.

"ಎಲ್ಲರಿಗೂ ಒಂದೇ ದರನಾ ಅಕ್ಕೋರೇ?"

"ಮತ್ತೆಂತ? ಲೆಕ್ಕ ಅಂದ್ರೆ ಎಲ್ಲರಿಗೂ ಒಂದೇ" ಎಂದೆ ನಾನು. ಎಷ್ಟು ಖಾತ್ರಿಯಿಂದ ಹೇಳಿದ್ದೆ!

ಪರೀಕ್ಷೆ ಮುಗಿಸಿ ಇಬ್ಬರೂ ಹಿಂತಿರುಗಿದ ಮೇಲೆ ಕೆಲವು ವಾರಕ್ಕೆ ಫಲಿತಾಂಶ ಬಂತು. ಕುಮಟೆಯವ ಪಾಸು, ಅವರು ನಪಾಸು. ಮಧ್ಯಾಹ್ನದ ಪಂಕ್ತಿಯಲ್ಲಿ ಎಲ್ಲರೂ ಕುಳಿತಿದ್ದರು. ಶಾಲೆಗೆ ರಜೆಯಿದ್ದುದರಿಂದ ನಾನೂ ಬಡಿಸಲು ನಿಂತಿದ್ದೆ. ನಪಾಸಾದವರ ಮುಖ ಬಾಡಿರಬಹುದೆಂದು ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರೆ, ಕುಮಟೆಯವನಿಗೆ ತಡೆಯಲಾಗಲಿಲ್ಲ.

"ಎಂತಕ್ಕೆ ನಪಾಸಾದ್ರು ಗೊತ್ತದ್ಯಾ ನಿಮ್ಗೆಲ್ಲ? ಕೈಕೆಲಸ ಎಲ್ಲ ಸರೀನೇ ಮಾಡಿದ್ರು. ಕಡಿಗೆ ಸಾಹೇಬ್ರು ಕೇಳಿದ್ರು, ಎಂಟು ಪಾಯಿಂಟಿನ ಒಂದು ಮನೆಗೆ ಎಸ್ಟಿಮೇಟು ಹೇಳಿ ಅಂತ. ಇವ್ರು ಎಂತ ಹೇಳಿದ್ರು? 'ಯಾರ ಮನೆದು ಸಾಹೇಬ್ರೇ?'"

ಪಂಕ್ತಿಯೆಲ್ಲ ಗೊಳ್ಳೆಂದಿತು. ಅವರಿಗೂ ನಗೆ. ಜನ ನಗುವುದು ಕಂಡರೆ ಅವರಿಗೆ ಸುಮ್ಮನೆ ಕೂರುವುದು ಬಾರದು. ಅನ್ನ ಕಲಸುತ್ತಿದ್ದ ಕೈಯನ್ನು ಹಾಗೇ ಎತ್ತಿ ತಾವೇ ಪ್ರಸಂಗ ಮುಂದುವರಿಸಿದರು.

"ಸಾಹೇಬ್ರು ಅಂದ್ರು, ಯಾರದಾದ್ರೆ ಎಂತ? ನಾ ಅಂದೆ, ಅದು ಹೆಂಗೆ ಸಾಹೇಬ್ರೇ? ಭಟ್ಕಳದ ಜವಳಿ ಸಾಹುಕಾರ್ರ ಮನೆ ಆದ್ರೆ ಒಂದು ದರ, ಶಿರಾಲಿ ಶಾಲೆ ಮಾಸ್ತರ್ರ ಮನೆ ಆದ್ರೆ ಒಂದು, ಏನೂ ಇಲ್ಲದವ್ರ ಮನೆ ಆದ್ರೆ ಇನ್ನೊಂದು. ಒಳಗೆ ಹೋದ ಕೂಡ್ಲೆ ನಂಗೆ ಗೊತ್ತಾತದೆ. ನಾ ಮುಖ ಮೇಲೆ ಮಾಡ್ಕಂಡು ತಿರಗ್ತೆ ಅಲ್ಲನಾ, ಜನ ಅಂದ್ಕಂತ್ರು ಪಾಯಿಂಟು ಎಣಸ್ತೆ ಅಂತ. ನಾ ನೋಡೂದು ಬಟ್ಟೆ ಹಗ್ಗ! ಹಗ್ಗದ ಮೇಲೆ ಎಂತ ಒಣಗೂಕೆ ಹಾಕಿದ್ರು, ಎಷ್ಟು ತೇಪೆ ಅದೆ, ಅಷ್ಟು ನೋಡಿದ್ರೆ ಮುಗೀತು. ದರ ಅಲ್ಲೇ ನಿಶ್ಚಯ. ಮತ್ತೆ ಜಾಸ್ತಿ ಹೇಳೂದು, ಅವ್ರು ಇಳಸೂದು, ನಾ ಸೋಲೂದು. ಅವ್ರಿಗೂ ಗೆದ್ದೆ ಅಂತ ಖುಷಿ, ನಂಗೂ..."

ಅಷ್ಟು ಹೇಳುವಾಗ ಅವರಿಗೆ ಸುತ್ತಲಿನ ನಗು ನಿಂತದ್ದು ಗೊತ್ತಾಯಿತು. ಆ ಪಂಕ್ತಿಯಲ್ಲಿ ಅವರನ್ನು ಗೆದ್ದವರೇ ಮೂರು ನಾಲ್ಕು ಜನರಿದ್ದರು. ಒಬ್ಬೊಬ್ಬರೂ ತಮ್ಮ ತಮ್ಮ ಎಲೆ ನೋಡುತ್ತಿದ್ದರು.

ಆಯಿ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. "ತಮಾ," ಎಂದಳು, ಬಹಳ ಸಣ್ಣ ದನಿಯಲ್ಲಿ, "ಹಂಗಾರೆ ನಮ್ಮನೆ ಹಗ್ಗದಾಗೆ ಎಂತ ಇತ್ತು?"

"ಇಲ್ಲ ಆಯಿ, ನೀವು ಚೌಕಾಸಿ ಮಾಡೇ ಗೆದ್ದದ್ದು. ದೇವ್ರಾಣೆ..."

"ಊಟ ಮಾಡು" ಎಂದಳು ಆಯಿ. ಸಾರು ಬಡಿಸಿದಳು. ಅವರ ಎಲೆಗೆ ಎಷ್ಟು ಬಡಿಸಿದಳೆಂದರೆ ಅದು ಎಲೆ ದಾಟಿ ನೆಲಕ್ಕೆ ಹರಿಯಿತು.

ಮೇಲೆ ನೋಡಲು ನನಗೆ ಧೈರ್ಯವಾಗಲಿಲ್ಲ. ನಮ್ಮ ಊಟದ ಕೋಣೆಗೂ ಅಡಿಗೆಮನೆಗೂ ನಡುವಿನ ಹಾದಿಯಲ್ಲಿ, ಮಾಡಿನ ಪಕಾಸಿನ ಮರಕ್ಕೆ ಕಟ್ಟಿದ ಹಗ್ಗ ಅಂದೂ ಇತ್ತು. ಅದರ ಮೇಲೆ ಆಯಿಯ ಎರಡು ಸೀರೆ, ನನ್ನ ಒಂದು ಲಂಗ. ಮಳೆಗಾಲದಲ್ಲಿ ಎಲ್ಲರ ಮನೆಯಲ್ಲೂ ಹಾಗೆಯೇ, ಒಳಗೇ ಒಣಗಬೇಕು. ಅವುಗಳ ತೇಪೆಗಳು ಅಂದಿನವರೆಗೂ ನಮಗೆ ತೇಪೆಗಳಾಗಿ ಕಂಡಿರಲಿಲ್ಲ. ಸಂಜೆಗೆ ಆಯಿ ಹಗ್ಗ ಬಿಚ್ಚಿ ಹಿತ್ತಲ ಸೌದೆ ಕೊಟ್ಟಿಗೆಯೊಳಗೆ ಕಟ್ಟಿದಳು.

ಸುದ್ದಿ ಊರಲ್ಲಿ ಹರಡಿತು. ಹೆಚ್ಚು ಕೊಟ್ಟವರು ಸಿಟ್ಟಾಗುತ್ತಾರೆಂದು ನಾನು ಎಣಿಸಿದ್ದೆ. ಅವರು ನಕ್ಕುಬಿಟ್ಟರು. ಉಳ್ಳವರಿಗೆ ಅದೊಂದು ಹೆಮ್ಮೆಯೇ ಆಯಿತು. ಸಿಟ್ಟಾದವರು ಕಡಿಮೆ ಕೊಟ್ಟವರು. ಒಬ್ಬರು ದಾರಿಯಲ್ಲೇ ಅಡ್ಡಗಟ್ಟಿ, "ನಿನ್ನ ಹತ್ರ ಭಿಕ್ಷೆ ಬೇಡಿದ್ನನಾ ನಾನು?" ಎಂದು ಕೂಗಾಡಿದರಂತೆ. ನಮ್ಮ ಆಯಿಗೆ ಬಿದ್ದ ಪೆಟ್ಟು ಬೇರೆ. ದಿನಸಿ ಅಂಗಡಿಗೆ ಹೋದಾಗ, ಹೆಚ್ಚು ಕೊಟ್ಟವರಲ್ಲೊಬ್ಬರಾದ ಸಾಹುಕಾರರು ತೂಕದ ಬಟ್ಟಲಿಗೆ ಬೇಳೆ ಸುರಿಯುತ್ತ, ನಗುನಗುತ್ತಲೇ, "ಆಯಿ, ನಿಮ್ಮನೆ ದೀಪದಾಗೆ ನಂದೂ ಒಂದು ಪಾಲು ಅದೆ ಹಂಗಾರೆ!" ಎಂದರು. ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಆಯಿ ಬೇಳೆಯನ್ನು ಅಲ್ಲೇ ಬಿಟ್ಟು ಬಂದಳು. ಆ ಸಂಜೆ ಜಗಲಿಯ ಬಲ್ಬನ್ನು ಹಚ್ಚಲಿಲ್ಲ. ಕತ್ತಲಲ್ಲಿ ಕೂತು, "ಊರೆಲ್ಲ ಹೇಳ್ಕಂಡು ತಿರ್ಗಿದ್ನಲ್ಲೇ" ಎಂದಳು. ಅಷ್ಟೇ. ನನಗೆ ಅವಳು ಬರೆಯಿಸಿದ ಕುಮಟೆಯ ಕಾಗದ ನೆನಪಾಯಿತು.

ಮರುದಿನ ಅವರು ಊಟಕ್ಕೆ ಬಂದಾಗ ಆಯಿ ಹೇಳಿದಳು. "ನಮ್ಮದು ಎಷ್ಟು ಕಮ್ಮಿ ಹಿಡ್ದಿದ್ಯೋ ಅದು ತೀರೂವರೆಗೆ ನಿನ್ನ ಊಟಕ್ಕೆ ರೊಕ್ಕ ಇಲ್ಲ." ಅವರು ಕೈ ಮುಗಿದು, "ಹಂಗೆಲ್ಲ ಹೇಳಬೇಡಿ ಆಯಿ" ಎಂದರು. ಆಯಿ ಮಾತು ಬದಲಿಸಲಿಲ್ಲ. ಅವರು ಎಲೆಯ ಮುಂದೆ ಕುಳಿತವರು ಹಾಗೇ ಎದ್ದು, ಬೂಟು ಮೆಟ್ಟಿ ಹೋದರು. ಮತ್ತೆ ಬರಲಿಲ್ಲ. ಪಾಠವೂ ನಿಂತಿತು. ಒಂದೆರಡು ಸಲ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವರು ಚಹದಲ್ಲಿ ಬನ್ನು ಅದ್ದಿ ತಿನ್ನುವುದು ಕಂಡೆ. ಅವರು ಬನ್ನು ನೋಡಿದರು, ನಾನು ಬಸ್ಸಿನ ಬೋರ್ಡು ನೋಡಿದೆ.

ಎರಡನೆಯ ಸಲ ಪರೀಕ್ಷೆ ಬಂದಾಗ ಅವರು ನಮ್ಮ ಶಾಲೆಗೇ ಬಂದರು. ಮಧ್ಯಾಹ್ನದ ಬಿಡುವು. ಉಳಿದ ಅಕ್ಕೋರುಗಳು, ಮಾಸ್ತರುಗಳು ಜಗಲಿಯಲ್ಲಿ ನಿಂತಿದ್ದರು. 'ಯಾರ ಮನೆದು' ಕತೆ ಅವರಿಗೆಲ್ಲ ಬಾಯಿಪಾಠ. ಅವರಲ್ಲೊಬ್ಬರು, "ಹೋಗಿ, ನಿಮ್ಮ ವಿದ್ಯಾರ್ಥಿ ಬಂದ್ರು" ಎಂದರು. ನನ್ನ ಮುಖ ಕೆಂಪಾಯಿತು. ಗೇಟಿನ ಹತ್ತಿರ ಹೋಗಿ, ಬೇಗ ಮುಗಿಯಲಿ ಎನ್ನುವ ದನಿಯಲ್ಲಿ, "ಎಂತ?" ಎಂದೆ.

"ಆ ಒಂದು ಉತ್ರ ಮತ್ತೊಂದು ಸಲ ಹೇಳಿಕೊಡಿ ಅಕ್ಕೋರೇ. ಉಳಿದದ್ದೆಲ್ಲ ಬತ್ತದೆ."

ನಿಂತಲ್ಲೇ ಹೇಳಿಕೊಟ್ಟೆ. ಇಷ್ಟು ಪಾಯಿಂಟು, ಇಷ್ಟು ದರ, ಗುಣಿಸುವುದು. ಅವರು ಕಣ್ಣು ಮುಚ್ಚಿ ಒಪ್ಪಿಸಿದರು. ಈ ಸಲ ಏನೂ ಕೇಳಲಿಲ್ಲ. ಕಿವಿ ಹಿಡಿದುಕೊಳ್ಳುವ ಆಟವೂ ಇಲ್ಲ.

ಪಾಸಾದರು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಅಂಗಡಿ ಹಿಡಿದರು. ಪರ್ಮಿಟ್ಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಅದರ ಪಕ್ಕದಲ್ಲಿ ಒಂದು ಕಪ್ಪು ಹಲಗೆ, ಅದರ ಮೇಲೆ ಬಿಳಿ ಬಣ್ಣದಲ್ಲಿ ದೀಪದ ಪಾಯಿಂಟಿಗೆ ಇಷ್ಟು, ಫ್ಯಾನಿಗೆ ಇಷ್ಟು, ಪ್ಲಗ್ಗಿಗೆ ಇಷ್ಟು. ಯಾರು ಬಂದರೂ ಹಲಗೆಯತ್ತ ಕೈ ತೋರಿಸುವುದು. ಇಳಿಸಿ ಕೇಳಿದವರಿಗೆ, "ಒಂದೇ ದರ, ಎಲ್ಲರಿಗೂ" ಎನ್ನುವುದು. ಹಣೆ ಬಡಿದುಕೊಳ್ಳುವುದಿಲ್ಲ, ದಣಪೆಯಲ್ಲಿ ಬೀಡಿಯಿಲ್ಲ. ಊರವರು, ಈಗ ಕಲಿತ ನೋಡು, ಎಂದು ಮೆಚ್ಚಿದರು. ಸರ್ಕಾರದ ಕರೆಂಟು ಬಂತು. ಹಲಗೆಯ ದರ ಕೊಡುವವರ ಮನೆಯಲ್ಲಿ ದೀಪ ಬಂತು. ಉಳಿದ ಮನೆಗಳ ಮುಂದೆ ಕಂಬ ಮಾತ್ರ ಬಂತು.

ಅಂಥದೊಂದು ಮನೆ ನಮ್ಮ ಹಿತ್ತಲಿಗೆ ತಾಗಿಕೊಂಡೇ ಇತ್ತು. ಅಲ್ಲಿದ್ದ ಹೆಂಗಸು ಗಂಡನನ್ನು ಕಳೆದುಕೊಂಡು ಹೊಳೆಯಾಚೆಯ ಊರಿನಿಂದ ಆಗಷ್ಟೇ ಬಂದು ನೆಲೆಸಿದವಳು, ಊರಿನ ಹಳೆಯ ಕತೆಗಳು ಅವಳಿಗೆ ಗೊತ್ತಿಲ್ಲ. ಬೆಳಿಗ್ಗೆ ಮೀನು ಮಾರುವುದು, ಸಂಜೆ ದೋಣಿಯವರ ಹರಿದ ಬಲೆ ಹೊಲಿದು ಕೊಡುವುದು. ಬಾಯ ಜೋರಿನಲ್ಲಿ ಆಯಿಗೆ ಸರಿಸಮ. ಹಲಗೆಯ ದರ ಕೇಳಿ ಬಂದವಳು ಆಯಿಯ ಎದುರು, "ಎಂತಾ ಮನ್ಶನೇ ಅವ! ಒಂದು ಮಾತಿಗೆ ಒಂದು ಮಾತು ಆಡೂದಿಲ್ಲ. ಹಲಗೆ ಕೂಡೆ ಚೌಕಾಸಿ ಮಾಡೂಕೆ ಆತದ್ಯಾ?" ಎಂದು ಬೈದಳು. ಆಮೇಲೆ ಬಲೆಯ ಮುದ್ದೆ ಎತ್ತಿಕೊಂಡು ಬಂದು ನಮ್ಮ ಅಡಿಗೆಮನೆಯ ಕಿಟಕಿಯಿಂದ ಹಿತ್ತಲಿಗೆ ಬೀಳುವ ಬೆಳಕಿನ ಚೌಕದಲ್ಲಿ ಕೂತು ಹೊಲಿಯತೊಡಗಿದಳು. ಅದು ದಿನದ ರೂಢಿಯಾಯಿತು. ಒಳಗೆ ಬಾ ಎಂದರೆ, "ಬೇಡ ಆಯಿ, ಬಲೆ ನಾತ" ಎನ್ನುವಳು. ಅಡಿಗೆ ಮುಗಿದ ಮೇಲೂ ಆಯಿ ಅಡಿಗೆಮನೆಯ ಬಲ್ಬು ಆರಿಸುತ್ತಿರಲಿಲ್ಲ. ಏನೋ ಕೆಲಸವಿದ್ದವಳ ಹಾಗೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಒಂದು ದಿನ ಶಾಲೆಯಿಂದ ಬರುವಾಗ ಆಯಿ ಛತ್ರಿ ಹಿಡಿದು ದಾರಿಯಲ್ಲೇ ನಿಂತಿದ್ದಳು. "ನಡೆ" ಎಂದಳು. ಎಲ್ಲಿಗೆಂದು ಹೇಳಲಿಲ್ಲ. ಕರೆಂಟಿನವರ ಅಂಗಡಿಯ ಮೆಟ್ಟಿಲು ಹತ್ತಿದಳು, ನಾನೂ ಹಿಂದೆಯೇ ಹತ್ತಿದೆ. ಅವರು ಎದ್ದು ನಿಂತರು. ಊಟ ಬಿಟ್ಟು ಹೋದ ಮೇಲೆ ಮೂವರೂ ಒಂದೆಡೆ ನಿಂತದ್ದು ಅದೇ ಮೊದಲು.

"ಒಂದು ಪಾಯಿಂಟಿಗೆ ಎಷ್ಟು?" ಎಂದಳು ಆಯಿ.

ಅವರು ಹಲಗೆಯತ್ತ ನೋಡಿದರು. "ಹದಿನಾರು, ಆಯಿ."

"ಎಂಟು ಕೊಡ್ತೆ."

"ಒಂದೇ ದರ, ಎಲ್ಲರಿಗೂ." ಹೇಳುತ್ತ ಅವರ ಕಣ್ಣು ಒಂದು ಗಳಿಗೆ ನನ್ನ ಕಡೆ ಬಂದು ಹೋಯಿತು. ಅವರ ನೋಟದಲ್ಲಿ ಸಿಟ್ಟಿರಲಿಲ್ಲ. ಪಾಠ ಒಪ್ಪಿಸಿದ ಹುಡುಗ ಅಕ್ಕೋರ ಮುಖ ನೋಡುವ ಹಾಗಿತ್ತು. ನಾನು ನೆಲ ನೋಡಿದೆ. ಅಷ್ಟು ನಾಚಿಕೆ ನನ್ನ ಜನ್ಮದಲ್ಲಿ ಆಗಿಲ್ಲ.

"ಮುಳುಗಿಸ್ತ್ಯಾ ನನ್ನ!" ಎಂದಳು ಆಯಿ. ಎಂದವಳೇ ಹಣೆ ಬಡಿದುಕೊಂಡಳು. "ನಂಗೆ ಬೇಡ ನಿನ್ನ ಪಾಯಿಂಟು. ಹೋಗ್ತೆ" ಎಂದು ಮೆಟ್ಟಿಲಿಳಿದಳು. ಇಳಿದು ಒಂದು ಕಾಲು ರಸ್ತೆಗಿಟ್ಟು ನಿಂತಳು. ಮಳೆಯಿಲ್ಲ, ಬಿಸಿಲೂ ಇಲ್ಲ, ಆದರೂ ಛತ್ರಿ ಬಿಡಿಸತೊಡಗಿದಳು. ಛತ್ರಿ ಬಿಚ್ಚಿಕೊಳ್ಳಲಿಲ್ಲ. ಇನ್ನೊಮ್ಮೆ ಎಳೆದಳು. ಮತ್ತೊಮ್ಮೆ. ದಿನಾ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಛತ್ರಿ ಅದು. ಹಿಂದೆ ತಿರುಗಿ ನೋಡಲಿಲ್ಲ.

ಅವರು ಹಲಗೆಗೆ ಬೆನ್ನು ಮಾಡಿ ನಿಂತರು. ಆಮೇಲೆ ಅವರ ದನಿ ಬಂತು.

"ಯಾರ ಮನೆದು ಆಯಿ?"

ಆಯಿ ಛತ್ರಿ ಬಿಟ್ಟಳು. ಮೆಟ್ಟಿಲ ಹತ್ತಿರ ಬಂದು, ನಾವಿಬ್ಬರೂ ಕಿವಿಗೊಟ್ಟು ಕೇಳಬೇಕಾದಷ್ಟು ಮೆಲ್ಲಗೆ ಹೇಳಿದಳು. "ನಮ್ಮನೆ ಹಗ್ಗದಾಗೆ ಆವತ್ತು ನೀ ಎಂತ ಕಂಡಿದ್ಯೋ, ಅದೇ ಕಾಣೂ ಮನೆದು ತಮಾ. ನಮ್ಮ ಹಿತ್ಲ ಹಿಂದಿಂದು. ನೀನೇ ಹೋಗು. ನಾ ಬಂದಿದ್ದೆ ಅಂತ ಹೇಳಬೇಡ. ಜಾಸ್ತಿ ಹೇಳು. ಅವಳಿಗೆ ಬಾಯಿ ಜೋರು ಅದೆ." ಸ್ವಲ್ಪ ತಡೆದು, "ನೀ ಸೋಲು" ಎಂದಳು.

ಅವರು ತಲೆ ತಗ್ಗಿಸಿ ಹೂಂ ಎಂದರು.

ಮರುದಿನ ಸಂಜೆ ಹಿತ್ತಲಾಚೆಯಿಂದ ಹಳೆಯ ಪ್ರಸಂಗ ಕೇಳಿಸಿತು. ಅವಳ ಬಾಯಿ, ಅವರ ಹಣೆ, "ತಂತಿ ರೊಕ್ಕಾನೂ ಹುಟ್ಟೂದಿಲ್ಲ!" ನಾನೂ ಆಯಿಯೂ ಅಡಿಗೆಮನೆಯ ಕಿಟಕಿಯಲ್ಲಿ ನಿಂತಿದ್ದೆವು. ಅವರು ದಣಪೆ ದಾಟಿ ಬಂದು ಬೀಡಿ ತೆಗೆದರು. ಒಂದು ಕಡ್ಡಿ ಆರಿತು, ಇನ್ನೊಂದು ಆರಿತು. ನಮ್ಮ ಕಡೆ ಅವರು ನೋಡಲಿಲ್ಲ. ಅವಳು ಒಳಗಿಂದ ಕೂಗಿದಳು. "ಆತು. ಸೋತೆ. ನಾಳೆ ಬತ್ತೆ" ಎಂದರು.

ಅವರು ಕಣ್ಮರೆಯಾಗುವ ಮೊದಲೇ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಮ್ಮ ಹಿತ್ತಲಿಗೆ ಓಡಿ ಬಂದಳು. ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ. "ಆಯಿ, ಕೇಳಿಲ್ಲಿ! ಮುಂಬಯಿ ನೋಡಿ ಬಂದವ ಅಂತಾರಲ್ಲ, ಅವನ ಹತ್ರ ನಾ ಎಷ್ಟಕ್ಕೆ ಇಳಿಸ್ದೆ ಗೊತ್ತದ್ಯಾ? ಆರಕ್ಕೆ! ನೀವು ಎಷ್ಟು ಕೊಟ್ಟಿದ್ರಿ?"

ನಾನು ಒಳಗೆ ಮಕ್ಕಳ ಕಾಪಿಪುಸ್ತಕ ತಿದ್ದುವ ನೆಪ ಮಾಡಿ ತಲೆ ತಗ್ಗಿಸಿದೆ. ಆಯಿ ಕೈಯಲ್ಲಿದ್ದ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಒಂಬತ್ತು ಕೊಟ್ಟಿದ್ದೆ ಮಾರಾಯ್ತಿ" ಎಂದಳು. "ನಂಗೆ ನಿನ್ನಷ್ಟು ಚೌಕಾಸಿ ಬರೂದಿಲ್ಲ."